ಶೆಟ್ಟರ ಬಾರು

ಬೋರ್ಡಿನ ಮೇಲೆ ಬೇರೆ ಹೆಸರಿತ್ತು. ಆದರೆ ಬೆಂಗಳೂರಿನ ಸುಬ್ರಹ್ಮಣ್ಯನಗರದಲ್ಲಿ ಯಾರೂ ಆ ಹೆಸರು ಹೇಳುತ್ತಿರಲಿಲ್ಲ. ‘ಶೆಟ್ಟರ ಹತ್ರ ಇದೀನಿ’ ಅಂದರೆ ಮನೆಯವರಿಗೂ ತಿಳಿಯುತ್ತಿತ್ತು. 1990ರಲ್ಲಿ ನಾನು ಅಲ್ಲೇ ಹತ್ತಿರದ ಪ್ರೆಸ್ಸೊಂದರಲ್ಲಿ ಪ್ರೂಫ್ ನೋಡುವ ಕೆಲಸಕ್ಕೆ ಸೇರಿದೆ. ಕಣ್ಣಿಗೆ ಬಿಡುವು ಬೇಕೆಂದು ಒಂದು ಸಂಜೆ ಹೋದವನು ಇಪ್ಪತ್ತು ವರ್ಷ ಬಿಡಲಿಲ್ಲ.

ಕಡಪ ಕಲ್ಲಿನ ಎಂಟು ಮೇಜು, ಎರಡು ಟ್ಯೂಬ್‌ಲೈಟು, ಕೈ ತೊಳೆಯುವ ಬೇಸಿನ್ನಿನಲ್ಲಿ ನುಸಿಗುಳಿಗೆ. ಕುಂದಾಪುರದ ಕಡೆಯ ಸಪ್ಲೈಯರ್ ಕೂತ ತಕ್ಷಣ ಏನು ಬೇಕೆಂದು ಕೇಳುತ್ತಿರಲಿಲ್ಲ. ನೀರು, ಒಂದು ತಟ್ಟೆ ಕಡ್ಲೆಬೀಜ, ಆ ದಿನದ ಪೇಪರಿನ ಒಂದು ಹಾಳೆ ತಂದಿಡುತ್ತಿದ್ದರು. ಒಂದೇ ಪೇಪರು ಎಂಟು ಮೇಜಿಗೂ ಸಾಲಬೇಕಿತ್ತು. ಆಟದ ಪುಟ ಒಬ್ಬರ ಬಳಿ, ಸಂಪಾದಕೀಯ ಇನ್ನೊಬ್ಬರ ಬಳಿ. ‘ನಿಮ್ದು ಆಯ್ತಾ ಸಾರ್?’ ಎಂದು ಹಾಳೆ ಬದಲಾಯಿಸಿಕೊಳ್ಳುವಾಗಲೇ ಅಲ್ಲಿ ಪರಿಚಯಗಳಾದದ್ದು. ಒಂದು ನೈಂಟಿ ಹೇಳಿ ಎರಡು ಗಂಟೆ ಕೂತರೂ ಮೇಜು ಒರೆಸುವ ನೆಪದಲ್ಲಿ ಯಾರೂ ಬಂದು ನಿಲ್ಲುತ್ತಿರಲಿಲ್ಲ. ಮಾತಾಡಬೇಕೆನಿಸಿದರೆ ಮಾತು, ಇಲ್ಲದಿದ್ದರೆ ಇಲ್ಲ. ನನ್ನನ್ನು ಹಿಡಿದಿಟ್ಟದ್ದು ಇದು. ಕುಡಿಯುವುದಕ್ಕೇ ಆಗಿದ್ದರೆ ವೈನ್ ಶಾಪಿನ ಮುಂದೆ ನಿಂತೇ ಮುಗಿಸಿ ಬರಬಹುದಿತ್ತು, ದುಡ್ಡೂ ಉಳಿಯುತ್ತಿತ್ತು.

ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಕಾರ್ಖಾನೆಯವರು. ಕಿರ್ಲೋಸ್ಕರ್ ಎಲೆಕ್ಟ್ರಿಕ್, ಮೈಸೂರು ಲ್ಯಾಂಪ್ಸ್, ಸರ್ಕಾರಿ ಸೋಪ್ ಫ್ಯಾಕ್ಟರಿ. ಸೋಪ್ ಫ್ಯಾಕ್ಟರಿಯವರು ಒಳಗೆ ಬಂದರೆ ಗಂಧದ ವಾಸನೆ ಜೊತೆಗೇ ಬರುತ್ತಿತ್ತು. 1996ರ ಮಾರ್ಚ್ 9ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಪಾಕಿಸ್ತಾನದ ಜೊತೆ ವಿಶ್ವಕಪ್ ಕ್ವಾರ್ಟರ್ ಫೈನಲ್ ನಡೆದಾಗ ಶೆಟ್ಟರು ಮನೆಯ ಟೀವಿಯನ್ನೇ ಹೊತ್ತು ತಂದು ಗಲ್ಲಾದ ಮೇಲಿಟ್ಟಿದ್ದರು. ವೆಂಕಟೇಶ್ ಪ್ರಸಾದ್ ಅವರ ಎಸೆತಕ್ಕೆ ಆಮಿರ್ ಸೊಹೈಲ್ ಬೌಲ್ಡ್ ಆದಾಗ ಸಪ್ಲೈಯರ್ ಕೈಯಲ್ಲಿದ್ದ ಎಗ್ ಬುರ್ಜಿ ಯಾರದೋ ಅಂಗಿಯ ಮೇಲೆ ಬಿತ್ತು. ಅವರಿಬ್ಬರೂ ತಬ್ಬಿಕೊಂಡೇ ನಿಂತಿದ್ದರು.

ಎಲ್ಲವೂ ಚೆನ್ನಾಗಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಆ ಇಪ್ಪತ್ತು ವರ್ಷದಲ್ಲಿ ಒಬ್ಬ ಹೆಂಗಸೂ ಒಳಗೆ ಕೂತದ್ದನ್ನು ನಾನು ಕಾಣಲಿಲ್ಲ. ಸಂಬಳದ ದಿನ ಎದುರಿನ ಟೈಲರ್ ಅಂಗಡಿಯ ಮೆಟ್ಟಿಲ ಮೇಲೆ ಮಗುವನ್ನು ಎತ್ತಿಕೊಂಡು ಕಾಯುತ್ತಿದ್ದವರನ್ನು ಕಂಡಿದ್ದೇನೆ. ನಮ್ಮ ಮೇಜಿನವರಲ್ಲೇ ಇಬ್ಬರು ಲಿವರ್ ಕೆಟ್ಟು ಐವತ್ತರೊಳಗೆ ತೀರಿಕೊಂಡರು. ‘ಇವತ್ತಿಗೆ ಸಾಕು ಸಾರ್, ಊಟ ತರ್ತೇನೆ’ ಎಂದು ಸಪ್ಲೈಯರ್ ಗ್ಲಾಸು ಎತ್ತಿಕೊಂಡು ಹೋಗುತ್ತಿದ್ದದ್ದು ನಿಜ. ಅವರು ಆ ಕಡೆ ತಿರುಗಿದಾಗ ಎದ್ದು ಮುಂದಿನ ಬೀದಿಗೆ ಹೋದವರೂ ಇದ್ದರು. ಆ ಮೆಟ್ಟಿಲ ಮೇಲೆ ಕೂತವರ ಕಣ್ಣಿಗೆ ನಮ್ಮ ಬಾರು ಹೇಗೆ ಕಂಡಿರಬಹುದೆಂದು ಆಗ ನಾವು ಯೋಚಿಸಲಿಲ್ಲ. ಅದು ನಮ್ಮ ತಪ್ಪು.

ಮೊದಲು ಕಾರ್ಖಾನೆಗಳು ಹೋದವು. ಕಿರ್ಲೋಸ್ಕರ್ ಇದ್ದ ಜಾಗದಲ್ಲಿ ಈಗ ಓರಿಯಾನ್ ಮಾಲ್ ಇದೆ. ಮೈಸೂರು ಲ್ಯಾಂಪ್ಸ್ ಬಾಗಿಲು ಮುಚ್ಚಿತು. 2007ರ ಜುಲೈ 1ರಿಂದ ಸಾರಾಯಿ ನಿಂತ ಮೇಲೆ ಅಗ್ಗದ ವಿಸ್ಕಿಗೆ ಬರುವವರು ಹೆಚ್ಚಾದರು, ಕೂರುವವರು ಕಡಿಮೆಯಾದರು. ಇದನ್ನೆಲ್ಲ ಶೆಟ್ಟರು ತಡೆದುಕೊಂಡರು. ತಡೆಯಲಾಗದೆ ಹೋದದ್ದು ಲೈಸೆನ್ಸಿನ ಬೆಲೆಯನ್ನು. ಬಾರಿನ ಸಿಎಲ್-9, ವೈನ್ ಶಾಪಿನ ಸಿಎಲ್-2 ಲೈಸೆನ್ಸುಗಳನ್ನು ಹೊಸದಾಗಿ ಕೊಡುವುದನ್ನು ಸರ್ಕಾರ 1992ರಲ್ಲೇ ನಿಲ್ಲಿಸಿತ್ತು. ಊರು ಬೆಳೆದಂತೆ ಇದ್ದ ಲೈಸೆನ್ಸುಗಳಿಗೇ ಬೆಲೆ ಏರಿತು. ಕೊನೆಗೆ ಆ ಎಂಟು ಮೇಜಿನ ವರ್ಷದ ದುಡಿಮೆಗಿಂತ ಗೋಡೆಗೆ ತೂಗುಹಾಕಿದ್ದ ಕಾಗದಕ್ಕೇ ಹೆಚ್ಚು ದುಡ್ಡು. ಮಕ್ಕಳ ಮದುವೆ ಎದುರಿಗಿತ್ತು, ಶೆಟ್ಟರು ಆ ಲೈಸೆನ್ಸನ್ನು ಮಾರಿಬಿಟ್ಟರು. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ.

ಹೋದ ವರ್ಷ ಅಣ್ಣನ ಮಗಳು ತನ್ನ ಬಡ್ತಿಯ ಖುಷಿಗೆ ಓರಿಯಾನ್ ಮಾಲ್‌ಗೆ ಕರೆದುಕೊಂಡು ಹೋದಳು. ‘ಚಿಕ್ಕಪ್ಪ, ನೀವು ಹೇಳಿ, ಏನು ತಗೋತೀರ?’ ಎಂದು ಕೇಳಿ ತನಗೂ ಒಂದು ಬಿಯರ್ ಹೇಳಿದಳು. ಸುತ್ತಲಿನ ಮೇಜುಗಳಲ್ಲಿ ಹೆಣ್ಣುಮಕ್ಕಳು ಯಾವ ಅಂಜಿಕೆಯೂ ಇಲ್ಲದೆ ಕೂತಿದ್ದರು. ಶೆಟ್ಟರ ಬಾರಿಗಿಂತ ಇದು ಮೇಲು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಒಬ್ಬನೇ ಬಂದು ಸುಮ್ಮನೆ ಕೂರುವವನಿಗೆ ಅಲ್ಲಿ ಜಾಗವಿಲ್ಲ. ಹಾಡಿನ ಗದ್ದಲದಲ್ಲಿ ಪಕ್ಕದವರ ಮಾತು ಕೇಳದು. ಬಿಲ್ಲಂತೂ ನಮ್ಮ ಕಾಲದ ಕಾರ್ಖಾನೆಯವರು ಕನಸಿನಲ್ಲೂ ಕಟ್ಟಲಾರದ್ದು.

ಶೆಟ್ಟರ ಬಾರಿನಲ್ಲಿ ಬಾಗಿಲ ಬಳಿಯ ಮೇಜಿಗೆ ರಾತ್ರಿ ಎಂಟಕ್ಕೆ ಬಂದು ಕೂರುತ್ತಿದ್ದ ಕಿರ್ಲೋಸ್ಕರಿನ ಹಳೆಯ ಫಿಟ್ಟರ್ ಒಬ್ಬರಿದ್ದರು. ಹೆಂಡತಿ ಇರಲಿಲ್ಲ, ಮಗ ದೂರದೂರಿನಲ್ಲಿ. ಒಂದು ಸಿಕ್ಸ್ಟಿ, ಅನ್ನ, ಮೀನು ಸಾರು, ಒಂದು ಗಂಟೆ ಮಾತು. ಬಾರು ಮುಚ್ಚಿದ ಮೇಲೆ ಅವರು ಕುಡಿಯುವುದನ್ನೂ ಬಿಟ್ಟರು. ತೀರಿಕೊಳ್ಳುವವರೆಗೂ ರಾತ್ರಿಯ ಊಟವನ್ನು ಮುಖ್ಯರಸ್ತೆಯ ದರ್ಶಿನಿಯಲ್ಲಿ ನಿಂತುಕೊಂಡೇ ಮಾಡುತ್ತಿದ್ದರು.