ಜಮಖಂಡಿಯಲ್ಲಿ ಕೊನೆಯ ದಿನ

ಮೂರು ವರ್ಷದ ನೌಕರಿ ಮುಗೀತು. ನಾಳೆ ಬೆಳಿಗ್ಗೆ ಬೆಂಗಳೂರು. ಇವತ್ತಿನ ದಿನ ಪೂರ್ತಿ ಜಮಖಂಡಿಗೇ.

ಬಿಸಿಲೇರುವ ಮೊದಲೇ ರಾಮತೀರ್ಥ ಗುಡ್ಡಕ್ಕೆ ಹೋದೆ. ಪಟವರ್ಧನರ ಅರಮನೆಯ ಕಡೆಯಿಂದ ನೋಡಿದರೆ ಊರೆಲ್ಲ ಕಾಲಬುಡದಲ್ಲಿ. 1948ರಲ್ಲಿ ವಿಲೀನವಾಗುವವರೆಗೆ ಇದು ಒಂದು ಸಂಸ್ಥಾನದ ರಾಜಧಾನಿ. ಗುರುದೇವ ರಾನಡೆ ಹುಟ್ಟಿದ್ದೂ ಇಲ್ಲೇ, 1886ರಲ್ಲಿ. ನೀವು ಬಂದರೆ ಬೆಳಿಗ್ಗೆಯೇ ಹತ್ತಿ, ನೆರಳು ಸಿಗುತ್ತೆ.

ಮಧ್ಯಾಹ್ನ ಖಾನಾವಳಿಯಲ್ಲಿ ಖಡಕ್ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ. “ಮತ್ತ ಯಾವಾಗ ಬರ್ತೀರ್ರಿ?” ಅಂದರು ಬಡಿಸುತ್ತಿದ್ದ ಅಕ್ಕ. “ಬರ್ತೀನ್ರಿ” ಅಂದೆ, ಯಾವಾಗ ಅಂತ ಹೇಳಲಾಗಲಿಲ್ಲ.

ಸಂಜೆ ಬನಹಟ್ಟಿಯ ಓಣಿಗಳಲ್ಲಿ ಮಗ್ಗದ ಸದ್ದು. ರಾಜರು ಹೋದರೂ ಈ ಸೀಮೆಯ ದುಡಿಮೆ ನಿಂತಿಲ್ಲ. ನಾನು ಹೋದರೆ ಇಲ್ಲಿ ಯಾವುದೂ ನಿಲ್ಲಲ್ಲ. ಅಮ್ಮನಿಗೆ ಒಂದು ಸೀರೆ ಕೊಂಡೆ. ಬ್ಯಾಗಿನಲ್ಲಿ ಕೊನೆಗೆ ಇಟ್ಟಿದ್ದು ಅದನ್ನೇ.