ಚಕ್ರದ ಮೇಲಣ ಮನೆ

ಕೊಡಗಿನಲ್ಲಿ ಮನೆಯೆಂದರೆ ಗೋಡೆ ಮಾಡುಗಳಷ್ಟೇ ಆಗಿರುವುದಿಲ್ಲ. ಗದ್ದೆಯ ಅಂಚಿನಿಂದ ಮೇಲೇರುವ ಓಣಿ, ಓಣಿಯ ತುದಿಯಲ್ಲಿ ಕೆತ್ತನೆಯ ಕಂಬಗಳ ಜಗಲಿ, ಒಳಗೆ ಹಿರಿಯರ ಹೆಸರಿನಲ್ಲಿ ಉರಿಯುವ ತೂಗುದೀಪ, ಇವೆಲ್ಲ ಕೂಡಿದರೆ ಅದು ಐನ್‌ಮನೆಯೆನಿಸುವುದು. ಒಕ್ಕದ ಮಕ್ಕಳು ಎಲ್ಲಿಗೆ ಹೋಗಿ ನೆಲೆಸಿದರೂ ಅವರ ಬೇರು ಅಲ್ಲಿಯೇ. ಇಂತಹ ನಾಡಿನಲ್ಲಿ ಒಬ್ಬ ನಿವೃತ್ತ ಉಪಾಧ್ಯಾಯರೂ ಅವರ ಗೃಹಿಣಿಯೂ ನಾಲ್ಕು ಚಕ್ರಗಳ ಮೇಲೆ ಸಂಸಾರ ಹೂಡಿ, ಎರಡು ಪುಟ್ಟ ನಾಯಿಗಳೊಡನೆ ವರ್ಷವಿಡೀ ಊರೂರು ತಿರುಗುತ್ತಿರುವರೆಂದರೆ, ಕೇಳಿದವರು ಮೂಗಿನ ಮೇಲೆ ಬೆರಳಿಡುವುದು ಸಹಜವೇ ಸರಿ.

ಅವರು ಮನೆಯನ್ನು ತೊರೆದರೆನ್ನುವುದಕ್ಕಿಂತ ಮನೆಯೇ ಅವರನ್ನು ತೊರೆಯಿತೆನ್ನುವುದು ಯುಕ್ತವಾದೀತು. 2018ನೆಯ ಇಸವಿಯ ಆಗಸ್ಟ್ ತಿಂಗಳ ನಡುವಣ ಮಳೆಯಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲಗಳ ಕಡೆಯ ಬೆಟ್ಟಗಳು ಜರಿದು ಮನೆ ತೋಟಗಳನ್ನು ನುಂಗಿದುದು ಕೊಡಗಿನವರಾರೂ ಮರೆಯುವ ಸಂಗತಿಯಲ್ಲ. ಅಂತಹದೊಂದು ಇಳಿಜಾರಿನಲ್ಲಿಯೇ ಇವರ ಮನೆಯೂ ಇದ್ದಿತು. ಆ ರಾತ್ರಿ ಬೆಕ್ಕಿಗಿಂತ ತುಸುವೇ ದೊಡ್ಡವಾದ ಚಿನ್ನಿ, ಮುದ್ದ ಎಂಬ ಎರಡು ನಾಯಿಗಳು ಬಾಗಿಲನ್ನು ಪರಚಿ ಪರಚಿ ಊಳಿಡತೊಡಗಿದುವು. ಚಿರತೆ ಬಂದಿರಬಹುದೆಂದು ಎದ್ದ ದಂಪತಿಗಳಿಗೆ ಕೇಳಿಸಿದುದು ಬೆಟ್ಟದ ಹೊಟ್ಟೆಯೊಳಗಿನ ಗುಡುಗು. ನಾಯಿಗಳನ್ನು ಕಂಕುಳಲ್ಲಿ ಅವುಚಿಕೊಂಡು ಜೀಪನ್ನು ಹತ್ತಿದರು. ಬೆಳಗಾಗುವಷ್ಟರಲ್ಲಿ ಅಡಿಗೆಮನೆಯೂ ಹಿಂದಣ ಕೋಣೆಗಳೂ ಕೆಸರಿನೊಳಗಾಗಿದ್ದುವು.

ಆಶ್ರಯವೇನೋ ದೊರೆಯಿತು. ಆದರೆ ಜನರಿಗೇ ಎಡೆ ಸಾಲದ ಕಡೆ ನಾಯಿಗಳಿಗೆ ಎಡೆಯೆಲ್ಲಿ? ದಂಪತಿಗಳು ಊಟವನ್ನು ಒಳಗೆ ಮುಗಿಸಿ, ನಿದ್ದೆಗೆ ಹೊರಗಿನ ಜೀಪಿಗೆ ಬರುತ್ತಿದ್ದರು. ಅನಂತರ ಪೇಟೆಯಲ್ಲಿ ಬಾಡಿಗೆಯ ಮನೆಯನ್ನು ಹುಡುಕಿದಾಗಲೂ ಒಂದೇ ಮಾತು: ನಾಯಿಗಳನ್ನು ಬಿಟ್ಟು ಬರುವುದಾದರೆ ಬನ್ನಿ. ಎರಡು ತಿಂಗಳು ಈ ಮಾತನ್ನು ಕೇಳಿ ಬೇಸತ್ತ ಮೇಲೆ ಗೃಹಿಣಿಯೇ, “ಆ ಜೀಪು ಸ್ವಲ್ಪ ದೊಡ್ಡದಾಗಿದ್ದರೆ ಸಾಕಾಗಿತ್ತಲ್ಲ!” ಎಂದರು. ನಗುತ್ತ ಆಡಿದ ಆ ಮಾತೇ ಸಂಕಲ್ಪವಾಯಿತು.

ಹಳೆಯ ಟೆಂಪೋ ವಾಹನವೊಂದನ್ನು ಕೊಂಡು, ಅದರ ರೂಪವನ್ನು ಬದಲಿಸಲು ಮೋಟಾರು ವಾಹನ ಕಾಯಿದೆಯಂತೆ ನೋಂದಣಿ ಅಧಿಕಾರಿಗಳ ಒಪ್ಪಿಗೆ ಪಡೆದು, ಒಳಗೆ ಮಂಚ, ಒಲೆ, 100 ಲೀಟರು ನೀರಿನ ತೊಟ್ಟಿ, ಮಾಡಿನ ಮೇಲೆ ಬಿಸಿಲಿನಿಂದ ವಿದ್ಯುತ್ತು ಕೊಡುವ ಹಲಗೆಗಳನ್ನು ಅಳವಡಿಸಿದರು. ಹಜಾರದಲ್ಲಿ ಹತ್ತು ಹೆಜ್ಜೆ ನಡೆದಾಡಿದವರಿಗೆ ಈಗ ಹತ್ತು ಅಡಿಯಲ್ಲಿ ಮನೆಯೇ ಮುಗಿಯಿತು. ಒಬ್ಬರು ರೊಟ್ಟಿ ತಟ್ಟುವಾಗ ಇನ್ನೊಬ್ಬರು ಮಂಚವೇರಿ ಕೂರಬೇಕು. ಮಿತವ್ಯಯವನ್ನು ನಾಲ್ವತ್ತು ವರ್ಷ ಬೋಧಿಸಿದ ಉಪಾಧ್ಯಾಯರಿಗೆ ಅದರ ನಿಜವಾದ ಪಾಠವಾದುದು ಮೂರು ದಿನಕ್ಕೆ ನೂರು ಲೀಟರು ನೀರಿನಲ್ಲಿ ಬದುಕಿದಾಗ.

ಇಂಥ ಬಾಳು ಲೋಕಕ್ಕೆ ಹೊಸದೇನಲ್ಲ. ಗಾರ್ಡನ್ ಸ್ಟೇಬಲ್ಸ್ ಎಂಬ ಬ್ರಿಟಿಷ್ ನೌಕಾದಳದ ವೈದ್ಯನು 1885ರಲ್ಲಿಯೇ ‘ವಾಂಡರರ್’ ಎಂಬ ಮನೆಬಂಡಿಯನ್ನು ಕಟ್ಟಿಸಿ, ಕುದುರೆ ಹೂಡಿ, ಹರಿಕೇನ್ ಬಾಬ್ ಎಂಬ ತನ್ನ ದೊಡ್ಡ ನಾಯಿಯೊಡನೆ ಇಂಗ್ಲೆಂಡಿನಿಂದ ಸ್ಕಾಟ್ಲೆಂಡಿನವರೆಗೆ ಪಯಣಿಸಿದನು. ನೆರೆಯ ಕೇರಳ ಸರಕಾರವು 2021ರಲ್ಲಿ ಇಂತಹ ವಾಹನಗಳ ಪ್ರವಾಸಕ್ಕಾಗಿಯೇ ಒಂದು ನೀತಿಯನ್ನು ಪ್ರಕಟಿಸಿತು. ಕನ್ನಡ ನಾಡಿನ ಹೆಳವರಾದರೋ ತಲೆತಲಾಂತರದಿಂದ ಎತ್ತು ಬಂಡಿಗಳೊಡನೆ ಊರೂರಿಗೆ ಬಂದು, ಮನೆತನಗಳ ವಂಶಾವಳಿಯನ್ನು ಹೇಳಿ, ಕಾಳುಕಡಿ ಪಡೆದು ಮುಂದುವರಿದವರು. ಅವರದು ಜೀವನೋಪಾಯದ ಅಲೆದಾಟ. ನಿವೃತ್ತಿವೇತನವನ್ನು ನಂಬಿ ಹೊರಟವರ ಅಲೆದಾಟವನ್ನು ಅದಕ್ಕೆ ಸರಿಗಟ್ಟಲಾಗದು. ಇದನ್ನು ಉಪಾಧ್ಯಾಯರೂ ಬಲ್ಲರು. ಯಾರಾದರೂ ಇದು ವಾನಪ್ರಸ್ಥವೆಂದು ಹೊಗಳಿದರೆ, “ವಾನಪ್ರಸ್ಥಕ್ಕೆ ಡೀಸೆಲ್ ಬೇಕಾಗಿರಲಿಲ್ಲ” ಎಂದುಬಿಡುವರು.

ನಾಯಿಗಳೊಡನೆ ಪಯಣಿಸುವವರಿಗೆ ದಾರಿಗಿಂತ ಬಾಗಿಲುಗಳೇ ಹೆಚ್ಚಿನ ತೊಡಕು. ರೈಲಿನಲ್ಲಾದರೆ ಹವಾನಿಯಂತ್ರಿತ ಮೊದಲನೆಯ ದರ್ಜೆಯ ಕೋಣೆಯನ್ನು ಪೂರ್ತಿಯಾಗಿ ಹಿಡಿಯಬೇಕು. ಇಲ್ಲವೇ ಅವುಗಳನ್ನು ಸಾಮಾನಿನ ಡಬ್ಬಿಯ ನಾಯಿಪೆಟ್ಟಿಗೆಗೆ ಒಪ್ಪಿಸಬೇಕು. ನಾಗರಹೊಳೆ, ಬಂಡೀಪುರಗಳ ವನವಿಹಾರಕ್ಕೆ ಸಾಕುನಾಯಿಗಳಿಗೆ ಎಡೆಯಿಲ್ಲ. ಅದು ನ್ಯಾಯವೇ; ನಾಯಿಗಳ ಡಿಸ್ಟೆಂಪರ್ ರೋಗವು ಕಾಡುಮೃಗಗಳಿಗೂ ಅಂಟಬಲ್ಲುದು, 2018ರಲ್ಲಿ ಗಿರ್ ಅರಣ್ಯದ ಸಿಂಹಗಳು ಆ ವಿಷಾಣುವಿಗೆ ಬಲಿಯಾದುವು. ಇನ್ನು ದೇವಾಲಯಗಳ ಮಾತನ್ನು ಹೇಳಬೇಕಾಗಿಯೇ ಇಲ್ಲ. ನಾಯಿಗಳನ್ನು ವಾಹನದಲ್ಲಿ ಬಿಟ್ಟು ಇಬ್ಬರೂ ಹೋಗೋಣವೆಂದರೆ, ಬಿಸಿಲಿನಲ್ಲಿ ಮುಚ್ಚಿ ನಿಲ್ಲಿಸಿದ ವಾಹನದ ಒಳಶಾಖವು ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ ಏರುವುದು. ಮನುಷ್ಯನಂತೆ ಮೈಯೆಲ್ಲ ಬೆವರಲಾರದ ನಾಯಿ ಏದುಸಿರು ಬಿಟ್ಟೇ ಮೈಯನ್ನು ತಂಪಾಗಿಸಿಕೊಳ್ಳಬೇಕು. ಆದುದರಿಂದ ಒಬ್ಬರು ಒಳಗೆ ಹೋದರೆ ಒಬ್ಬರು ಹೊರಗೆ ಕಾಯಬೇಕು. ಜೊತೆಯಾಗಿರಲೆಂದೇ ಹೊರಟವರು ಪ್ರತಿಯೊಂದು ಬಾಗಿಲಿನಲ್ಲಿಯೂ ಅಗಲಬೇಕಾಯಿತು.

ತುಲಾ ಸಂಕ್ರಮಣದಂದು ತಲಕಾವೇರಿಯ ತೀರ್ಥೋದ್ಭವಕ್ಕೆ ಹೋದಾಗ ಇದೇ ಆಯಿತು. ಭಾಗಮಂಡಲದಲ್ಲಿ ವಾಹನವನ್ನು ನಿಲ್ಲಿಸಿ ಉಪಾಧ್ಯಾಯರು ಬೆಟ್ಟವೇರಲು ಸಿದ್ಧರಾದರು. ಗೃಹಿಣಿಯು ನಾಯಿಗಳನ್ನು ತೊಡೆಯ ಮೇಲಿರಿಸಿಕೊಂಡು, “ತನ್ನನ್ನು ಒಬ್ಬಳನ್ನೇ ಬಿಟ್ಟು ಹೋಗಕೂಡದೆಂದು ಕಾವೇರಮ್ಮ ಅಗಸ್ತ್ಯರಿಗೆ ಮೊದಲೇ ಹೇಳಿದ್ದಳಂತೆ. ಕಮಂಡಲುವಿನಲ್ಲಿ ಬಿಟ್ಟು ಸ್ನಾನಕ್ಕೆ ಹೋದರು, ಅವಳು ಹರಿದುಹೋದಳು. ನನಗೂ ಬಂಡಿ ಹೊಡೆಯಲು ಬರುತ್ತದೆ, ನೆನಪಿರಲಿ!” ಎಂದರು.

ಉಪಾಧ್ಯಾಯರು ನಕ್ಕರು. ಆದರೆ ಬೆಟ್ಟದ ದಾರಿಯ ಎಂಟು ಕಿಲೋಮೀಟರೂ ಆ ಮಾತು ಮುಳ್ಳಿನಂತೆ ಚುಚ್ಚಿತು. ಲೆಕ್ಕ ಹಾಕಿ ನೋಡಿದರು. ಇಷ್ಟು ಕಾಲವೂ ಮೊದಲು ಒಳಗೆ ಹೋದವರು ತಾವೇ. ಆಕೆಯ ಸರದಿ ಬರುವಷ್ಟರಲ್ಲಿ ಬಾಗಿಲು ಮುಚ್ಚಿದುದುಂಟು, ಕತ್ತಲಾದುದುಂಟು, “ಹೋಗಲಿ ಬಿಡಿ” ಎಂದು ಆಕೆ ಸುಮ್ಮನಾದುದುಂಟು. ಚಕ್ರದ ಮೇಲಿನ ಮನೆಗೂ ಹಳೆಯ ಮನೆಯ ಪದ್ಧತಿಯೊಂದು ಅರಿಯದಂತೆಯೇ ಏರಿ ಕುಳಿತಿದ್ದಿತು. ಕಿಂಡಿಯಲ್ಲಿ ತೀರ್ಥವನ್ನು ತುಂಬಿಕೊಂಡು ಬಂದು, ಮೊದಲು ಆಕೆಯ ಕೈಗೆ ಎರೆದು, “ಇನ್ನು ಮುಂದೆ ಎಲ್ಲೆಲ್ಲಿಯೂ ನೀನು ಮೊದಲು” ಎಂದರು.

ಆ ಸಲ ಅವರು ಕಾವೇರಿಯ ಜೊತೆಯಲ್ಲಿಯೇ ಇಳಿದರು. ಶ್ರೀರಂಗಪಟ್ಟಣದ ಆದಿರಂಗ, ಶಿವನಸಮುದ್ರದ ಮಧ್ಯರಂಗ, ಶ್ರೀರಂಗದ ಅಂತ್ಯರಂಗ, ಮೂರೆಡೆಯಲ್ಲಿಯೂ ಆಕೆ ಮೊದಲು ಹೋಗಿ ಬಂದರು, ಆತ ಆಮೇಲೆ. ಇಬ್ಬರೂ ಮೂರು ರಂಗರನ್ನು ಕಂಡರು. ಜೊತೆಯಾಗಿ ಮಾತ್ರ ಒಬ್ಬನನ್ನೂ ಕಾಣಲಿಲ್ಲ. ಕಡೆಗೆ, ಸುಮಾರು 800 ಕಿಲೋಮೀಟರು ಹರಿದ ನದಿಯು ಪೂಂಪುಹಾರಿನಲ್ಲಿ ಕಡಲನ್ನು ಸೇರುವೆಡೆ ಹಿಂಗಾರಿನ ತುಂತುರು ಬೀಳುತ್ತಿದ್ದಿತು. ಕಡಲಿಗೆ ಬಾಗಿಲಿಲ್ಲ. ನಾಲ್ವರೂ ಒಟ್ಟಿಗೆ ನೀರಿನ ಅಂಚಿನವರೆಗೆ ನಡೆದರು. ಕಿಂಡಿಯಲ್ಲಿ ಉಳಿದಿದ್ದ ತೀರ್ಥವನ್ನು ಇಬ್ಬರೂ ಕೈಗೂಡಿಸಿ ಅಲೆಗೆ ಎರೆದರು.

ಹುತ್ತರಿಗೆ ಐನ್‌ಮನೆಗೆ ಮರಳಿದಾಗ ಅಣ್ಣನವರು ಜಗಲಿಯಲ್ಲಿ ಕುಳ್ಳಿರಿಸಿಕೊಂಡು, “ಸಾಕು ತಮ್ಮಾ, ಈ ತಿರುಗಾಟ. ಮೇಲಿನ ಕೋಣೆ ಖಾಲಿಯಿದೆ. ಇಬ್ಬರೂ ಇಲ್ಲಿಯೇ ಇದ್ದುಬಿಡಿ. ನಾಯಿಗಳನ್ನು ಲೈನ್‌ಮನೆಯಲ್ಲಿ ಯಾರಾದರೂ ಸಾಕಿಕೊಳ್ಳುತ್ತಾರೆ” ಎಂದರು. ಆ ಮಾತಿನಲ್ಲಿ ಪ್ರೀತಿಯಲ್ಲದೆ ಬೇರೇನೂ ಇರಲಿಲ್ಲ. ಉಪಾಧ್ಯಾಯರಿಗೆ ಎಪ್ಪತ್ತು ತುಂಬಿದೆ; ಘಟ್ಟದ ತಿರುವುಗಳಲ್ಲಿ ಕಣ್ಣು ಮೊದಲಿನಷ್ಟು ಚುರುಕಾಗಿಲ್ಲ. ಚಿನ್ನಿಯ ಕಣ್ಣಿಗೂ ಪೊರೆ ಬಂದಿದೆ.

ಮಹಾಪ್ರಸ್ಥಾನದಲ್ಲಿ ಇಂದ್ರನ ರಥವು ಎದುರಿಗೆ ನಿಂತಾಗ ಧರ್ಮರಾಯನು ನಾಯಿಯನ್ನು ಬಿಟ್ಟು ಹತ್ತಲಾರೆನೆಂದನು. ಆ ನಾಯಿ ಧರ್ಮದೇವತೆಯೇ ಆಗಿ ತೋರಿತು. ಇಲ್ಲಿ ಅಂತಹ ಪವಾಡವಿಲ್ಲ. ಈ ನಾಯಿಗಳು ನಾಯಿಗಳೇ. ಚಪ್ಪಲಿ ಕಡಿಯುವುವು, ಮಂಚವನ್ನು ಕೆಸರು ಮಾಡುವುವು. ಉಪಾಧ್ಯಾಯರು ತುಸು ಹೊತ್ತು ಅಂಗಳವನ್ನೇ ನೋಡುತ್ತಿದ್ದು, “ಅಣ್ಣಾ, ಆ ರಾತ್ರಿ ಇವು ನಮ್ಮನ್ನು ಬಿಟ್ಟು ಓಡಿಹೋಗಬಹುದಾಗಿತ್ತು. ಇವು ಇರುವವರೆಗೆ ಹೀಗೆಯೇ ಇರುತ್ತೇವೆ” ಎಂದರು. ಅಣ್ಣನವರು ಉತ್ತರ ಕೊಡದೆ ಒಳಗೆ ಹೋದರು.

ಆ ರಾತ್ರಿ ಬೆಳುದಿಂಗಳಿನಲ್ಲಿ ಮನೆಮಂದಿಯೆಲ್ಲ ಗದ್ದೆಗಿಳಿದರು. ಕೋವಿಯ ಸದ್ದಿಗೆ ಬೆದರುವ ನಾಯಿಗಳಿಗಾಗಿ ಗೃಹಿಣಿಯು ವಾಹನದೊಳಗೇ ಉಳಿದರು. ಗುಂಡು ಹಾರಿತು, ಕದಿರು ಕೊಯ್ದು ತಂದರು, ದೀಪಕ್ಕೆ, ಕಂಬಕ್ಕೆ, ಕಣಜಕ್ಕೆ, ಬಾಗಿಲಿಗೆ ಕಟ್ಟಿದರು. ಎಲ್ಲ ಮುಗಿಯಿತೆಂದು ತಿಳಿದಿದ್ದಾಗ ಅಣ್ಣನವರು ಟಾರ್ಚು ಹಿಡಿದು ಅಂಗಳಕ್ಕೆ ಇಳಿದು ಬಂದರು. ಕೈಯಲ್ಲಿ ಇನ್ನೊಂದು ಕದಿರಿತ್ತು. ಒಳಗಿನಿಂದ ನಾಯಿಗಳು ಗುರುಗುಟ್ಟಿದುವು. “ನಾನಮ್ಮಾ, ಹೆದರಬೇಡ” ಎಂದು ಹೇಳಿ, ಅವರು ಆ ಕದಿರನ್ನು ವಾಹನದ ಬಾಗಿಲಿನ ಹಿಡಿಗೆ ಕಟ್ಟಿದರು.