ಸೆರಗು ಎಲ್ಲಿ ಬೀಳಬೇಕು?

ಸ್ವಲ್ಪ ಬಲಕ್ಕೆ ಸರಿಯಿರಿ. ನಿಮ್ಮ ಕಾಲ ಬಳಿ ಇರುವ ಕಿತ್ತಳೆ ಬಣ್ಣದ ಕೇಬಲ್ ನನ್ನ ಕ್ಯಾಮೆರಾದಿಂದ ಲ್ಯಾಪ್‌ಟಾಪಿಗೆ ಹೋಗಿದೆ. ತುಳಿದರೆ ಚಿತ್ರ ಪರದೆಗೆ ಬರುವುದು ನಿಲ್ಲುತ್ತದೆ, ನನ್ನ ಸಹಾಯಕ ಹುಡುಗ ಮುಖ ಗಂಟಿಕ್ಕುತ್ತಾನೆ. ಆ ಜಾಲಿ ಗಿಡದ ಪಕ್ಕ ನಿಂತುಕೊಳ್ಳಿ. ಅಲ್ಲಿಂದ ಎಲ್ಲ ಕಾಣುತ್ತದೆ, ನಿಮ್ಮ ನೆರಳೂ ಫ್ರೇಮಿಗೆ ಬೀಳುವುದಿಲ್ಲ.

ಇಳಕಲ್ಲಿನ ಹೊರವಲಯ, ಫೆಬ್ರವರಿಯ ನಸುಕು. ಸೂರ್ಯ ಇನ್ನೂ ಮೇಲೆ ಬಂದಿಲ್ಲ. ಎದುರಿಗೆ ಲಾರಿಗಾಗಿ ಕಾದು ಕೂತ ಗ್ರಾನೈಟ್ ಬ್ಲಾಕುಗಳು, ಒಂದೊಂದೂ ಆಳೆತ್ತರ. ಅವುಗಳ ಮೈಮೇಲೆ ಸಾಲಾಗಿ ಇಳಿದಿರುವ ಗೀರುಗಳು ಡ್ರಿಲ್ ಹೊಡೆದು ಕಲ್ಲು ಸೀಳಿದ ಗುರುತು. ಈ ಊರಿನ ಹೆಸರು ಹೊರಗೆ ಹೋಗಿರುವುದು ಎರಡರಿಂದ: ಕೆಂಪು ಕಲ್ಲು, ಸೀರೆ. ಎರಡನ್ನೂ ಒಂದೇ ಚಿತ್ರದಲ್ಲಿ ತರಬೇಕೆಂಬುದು ಡಿಸೈನರ್ ಆಸೆ. ಹುಬ್ಬಳ್ಳಿಯ ಹೆಣ್ಣುಮಗಳು, ಈಗ ಬೆಂಗಳೂರಿನಲ್ಲಿ ಸ್ವಂತ ಲೇಬಲ್. ಫೋನಿನಲ್ಲಿ ಕೇಳಿದಾಗ ನನಗೂ ಬಹಳ ಚಂದವೆನಿಸಿತ್ತು. ಇಲ್ಲಿಗೆ ಬಂದು ಸೆರಗು ಬಿಚ್ಚಿ ಹಿಡಿದ ಮೇಲೆ ತೊಡಕು ಕಂಡಿತು. ಇಳಕಲ್ ಸೀರೆಯ ಒಡಲು ಯಾವ ಬಣ್ಣದ್ದಾದರೂ ಸೆರಗು ಮಾತ್ರ ಕೆಂಪು. ಕಲ್ಲೂ ಕೆಂಪು. ಕೆಂಪಿನ ಮುಂದೆ ಕೆಂಪು ಹಿಡಿದರೆ ಕಾಣುವುದೇನು?

ಟೆಂಪೋ ಟ್ರಾವೆಲರ್‌ನ ಹಿಂಬಾಗಿಲಿಗೆ ಬೆಡ್‌ಶೀಟ್ ಕಟ್ಟಿದ್ದಾರಲ್ಲ, ಅದೇ ಮೇಕಪ್ ಕೋಣೆ. ಒಳಗೆ ಮಾಡೆಲ್ ಕೂತಿದ್ದಾಳೆ. ನಾಲ್ಕೂವರೆಗೆ ಎಬ್ಬಿಸಿದ್ದೇವೆ. ಬ್ಲೌಸ್ ಸ್ಯಾಂಪಲ್ ಅಳತೆಯದು, ಅವಳಿಗೆ ದೊಗಲೆ. ಬೆನ್ನ ಹಿಂದೆ ಬಟ್ಟೆಯನ್ನು ಒಟ್ಟುಗೂಡಿಸಿ ಕಬ್ಬಿಣದ ಕ್ಲಿಪ್ ಹಾಕಿದ್ದಾರೆ. ಪತ್ರಿಕೆಗಳಲ್ಲಿ ಮೈಗೆ ಅಂಟಿದಂತೆ ಕೂತ ಬ್ಲೌಸುಗಳನ್ನು ನೋಡಿ ನಿಮ್ಮ ಟೈಲರ್ ಮೇಲೆ ಸಿಟ್ಟಾಗಿದ್ದರೆ ಅವನನ್ನು ಕ್ಷಮಿಸಿಬಿಡಿ. ಆ ಬೆನ್ನುಗಳನ್ನು ನೀವು ನೋಡಿಲ್ಲ.

ಬ್ಲಾಕಿನ ಮೇಲೆ ಕೂತ ಹಿರಿಯರು ಸೀರೆ ನೇಯ್ದವರು. ಶೂಟಿಂಗ್ ನೋಡಲು ಬಂದವರಲ್ಲ, ಸೀರೆ ಕಾಯಲು ಬಂದವರು.

"ಮೇಡಂ, ಕಲ್ಲಿಗೆ ತಿಕ್ಕಿಸಬ್ಯಾಡ್ರಿ. ರೇಷ್ಮಿ ಎಳಿ ಸಿಕ್ಕೊಂಡ್ರ ಮುಗೀತು."

"ಇಲ್ಲ ಕಾಕಾ, ಅರಿವಿ ಹಾಸ್ತೀವಿ."

ಲಾಡ್ಜಿನ ಬಿಳಿ ಬೆಡ್‌ಶೀಟ್ ಕಲ್ಲಿನ ಮೇಲೆ ಹರಡಿತು. ಲಾಡ್ಜಿನವರಿಗೆ ಹೇಳಿಲ್ಲ, ನೀವೂ ಹೇಳಬೇಡಿ.

ಅವರ ಕಾಳಜಿ ಎಷ್ಟು ನ್ಯಾಯವಾದುದೆಂದು ತಿಳಿಯಬೇಕಾದರೆ ಸೆರಗು ಒಡಲಿಗೆ ಕೂಡುವ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಬೇಕು. ಒಡಲಿನ ಹಾಸು ಹತ್ತಿಯದು, ಸೆರಗಿನ ಹಾಸು ರೇಷ್ಮೆಯದು. ಎರಡನ್ನೂ ಹೊಲಿದು ಜೋಡಿಸುವುದಲ್ಲ. ಮಗ್ಗಕ್ಕೆ ಏರಿಸುವ ಮೊದಲೇ ಹತ್ತಿಯ ಒಂದೊಂದು ಎಳೆಗೆ ರೇಷ್ಮೆಯ ಒಂದೊಂದು ಎಳೆಯನ್ನು ಕುಣಿಕೆಯಾಗಿ ಸಿಕ್ಕಿಸುತ್ತಾರೆ. ಅದಕ್ಕೆ ಕೊಂಡಿ ಎನ್ನುತ್ತಾರೆ. ಹೀಗಾಗಿ ಉದ್ದನೆಯ ಹಾಸು ಹೂಡಿ ಸಾಲಾಗಿ ಸೀರೆ ನೇಯ್ದು ಕತ್ತರಿಸುವ ಹಾಗಿಲ್ಲ. ಪ್ರತಿ ಸೀರೆಗೂ ಬೇರೆ ಹಾಸು, ಬೇರೆ ಕೊಂಡಿ. ಡಿಸೈನರ್ ಹಟ ಒಂದೇ: ಈ ಕೊಂಡಿಯ ಗೆರೆ ಚಿತ್ರದಲ್ಲಿ ಕಾಣಬೇಕು. ಪವರ್‌ಲೂಮಿನ ಅಗ್ಗದ ನಕಲು ಅಂಗಡಿ ತುಂಬಿರುವಾಗ ತನ್ನ ಗಿರಾಕಿಗೆ ಅವಳು ತೋರಿಸಬೇಕಾದ ಗುರುತು ಅದು.

ನನಗೆ ಬೇಕಾಗಿರುವುದು ಬೇರೆ. ಸೆರಗು ಹಾರಬೇಕು.

ಅವಳ ಮೊಬೈಲಿನ ಮೂಡ್‌ಬೋರ್ಡ್ ನೋಡಿ. ಮೊದಲನೆಯದೇ ಆ ಆನೆಗಳು. ಯಾವ ಫ್ಯಾಷನ್ ಶೂಟಿಗೆ ಹೋದರೂ ಈ ಚಿತ್ರ ನನಗಿಂತ ಮುಂಚೆ ಬಂದಿರುತ್ತದೆ. ರಿಚರ್ಡ್ ಅವೆಡನ್ 1955ರ ಆಗಸ್ಟಿನಲ್ಲಿ ಪ್ಯಾರಿಸ್ಸಿನ ಒಂದು ಸರ್ಕಸ್ ಕಟ್ಟಡದಲ್ಲಿ ತೆಗೆದದ್ದು. ಕಾಲಿಗೆ ಸರಪಳಿ ಬಿಗಿದ ಆನೆಗಳ ನಡುವೆ ಡೋವಿಮಾ ಎಂಬ ಮಾಡೆಲ್ ತೋಳು ಚಾಚಿ ನಿಂತಿದ್ದಾಳೆ. ಮೈಮೇಲೆ ಡಿಯೋರ್‌ನ ಕಪ್ಪು ಗೌನ್, ಆಗತಾನೇ ಆ ಸಂಸ್ಥೆ ಸೇರಿದ್ದ ಈವ್ ಸಾಂ ಲೊರಾಂ ಎಂಬ ಹುಡುಗನ ವಿನ್ಯಾಸ. ಸೊಂಟದಿಂದ ಬಿಳಿಯ ನಡುಪಟ್ಟಿ ಇಳಿಬಿದ್ದಿದೆ. ಆ ಪಟ್ಟಿ ಎಡಕ್ಕೆ ಹಾರುವಂತೆ ತಾನೇಕೆ ಮಾಡಲಿಲ್ಲವೋ ಎಂದು ಅವೆಡನ್ ಎಷ್ಟೋ ವರ್ಷಗಳ ಮೇಲೂ ಹಳಹಳಿಸುತ್ತಿದ್ದ. 2010ರಲ್ಲಿ ಇದರ ದೊಡ್ಡದೊಂದು ಪ್ರಿಂಟ್ ಹರಾಜಿಗೆ ಬಂದಾಗ 8,41,000 ಯೂರೋ ಕೊಟ್ಟು ಕೊಂಡದ್ದು ಡಿಯೋರ್ ಸಂಸ್ಥೆಯೇ. ಗೌನ್ ಹೊಲಿದವರೇ ಅದರ ಚಿತ್ರಕ್ಕೆ ಅಷ್ಟು ದುಡ್ಡು ಸುರಿದರು ಎಂಬುದನ್ನು ನಾನು ಡಿಸೈನರ್‌ಗಳಿಗೆಲ್ಲ ಹೇಳುತ್ತಿರುತ್ತೇನೆ, ಮುಖ್ಯವಾಗಿ ಬಿಲ್ ಕೊಡುವ ದಿನ.

ಬೆಳಕು ಬಂತು, ಮಾತು ಸಾಕು.

ಬೆಡ್‌ಶೀಟ್ ಸರಿಯಿತು. ನವಿಲು ಹಸಿರಿನ ಒಡಲು, ಅದರ ತುಂಬ ಸಣ್ಣ ಚೌಕಳಿ. ಮಾಡೆಲ್ ಟೆಂಪೋದಿಂದ ಇಳಿಯುವಾಗ ಹವಾಯಿ ಚಪ್ಪಲಿ ಹಾಕಿದ್ದಾಳೆ, ಕೈಯಲ್ಲಿ ನೆರಿಗೆ ಎತ್ತಿ ಹಿಡಿದಿದ್ದಾಳೆ, ಆಕಳಿಸುತ್ತಿದ್ದಾಳೆ. ಬೆಡ್‌ಶೀಟಿನ ಮೇಲೆ ಕಾಲಿಟ್ಟವಳೇ ಚಪ್ಪಲಿ ಬಿಟ್ಟಳು, ಭಾರವನ್ನೆಲ್ಲ ಹಿಂದಿನ ಕಾಲಿಗೆ ಹಾಕಿದಳು, ಮುಂದಿನ ಮಂಡಿ ಸಡಿಲಿಸಿದಳು, ಭುಜ ಇಳಿಸಿದಳು. ಇಷ್ಟಕ್ಕೆ ಎರಡು ಉಸಿರಿನಷ್ಟು ಹೊತ್ತೂ ಹಿಡಿಯಲಿಲ್ಲ. ಮಾಡೆಲ್ ಎಂದರೆ ಬಟ್ಟೆ ತೂಗುಹಾಕುವ ಹ್ಯಾಂಗರ್ ಎಂದು ನಗುವವರನ್ನು ಈಗ ನೀವು ನಿಂತಿರುವಲ್ಲಿಗೆ ಕರೆತರಬೇಕು.

"ಎಲ್ಲಿಗೆ ಕಟ್ ಮಾಡ್ತಿದೀರಾ?" ಎಂದು ಕೇಳುತ್ತಾಳೆ.

"ಪೂರ್ತಿ. ಪಾದ ಸೇರಿ."

ಹಾಗಾದರೆ ಪಾದದ ಬೆರಳಿಗೂ ಕೆಲಸವಿದೆ. ಅವಳು ಬೆರಳು ನೀಡಿದಳು.

ಮೊದಲ ಚಿತ್ರ. ಲ್ಯಾಪ್‌ಟಾಪಿನತ್ತ ನೋಡಿ: ಒಡಲಿನ ಚೌಕಳಿ ಇರುವಲ್ಲೆಲ್ಲ ಕಾಮನಬಿಲ್ಲಿನ ಅಲೆಗಳು. ಅದು ಬಟ್ಟೆಯಲ್ಲಿಲ್ಲ. ಎಳೆಗಳ ಸಾಲು ಕ್ಯಾಮೆರಾದ ಸೆನ್ಸರಿನ ಚುಕ್ಕಿಗಳ ಸಾಲಿಗೆ ತಾಕಲಾಡಿದಾಗ ಹುಟ್ಟುವ ಮಾಯೆ, ನಮ್ಮ ಬಾಯಲ್ಲಿ ಮಾಯ್ರೆ. ನಾನು ಎರಡು ಹೆಜ್ಜೆ ಮುಂದೆ ಬಂದು ಕ್ಯಾಮೆರಾ ಕೊಂಚ ವಾಲಿಸಿದೆ. ಅಲೆ ಹೋಯಿತು. ಸೆರಗು ನೋಡಿ, ಬರೀ ಕೆಂಪು ಬಣ್ಣ ಬಳಿದ ಹಾಗಿದೆ, ನೇಯ್ಗೆಯೇ ಇಲ್ಲ. ಗಾಢ ಕೆಂಪು ರೇಷ್ಮೆ ಕ್ಯಾಮೆರಾವನ್ನು ಯಾಮಾರಿಸುತ್ತದೆ. ಒಟ್ಟು ಬೆಳಕು ಸರಿಯಾಗಿದೆ ಎಂದು ಮೀಟರ್ ಹೇಳುತ್ತಿರುವಾಗಲೇ ಕೆಂಪಿನ ಪಾಲು ತುಂಬಿ ಹೊರಚೆಲ್ಲಿರುತ್ತದೆ, ಎಳೆಗಳು ಅದರಲ್ಲಿ ಮುಳುಗಿಹೋಗುತ್ತವೆ. ಎಕ್ಸ್‌ಪೋಷರ್ ಇಳಿಸಿದೆ. ಇಳಿಸಿದರೆ ಮುಖ ಕಪ್ಪಾಯಿತು. ರಿಫ್ಲೆಕ್ಟರ್ ಹಿಡಿದ ಹುಡುಗ ಹತ್ತಿರ ಬಂದ. ಆಗ ಮೇಕಪ್ ಮಾಡುವಾಕೆ ಕೂಗಿದಳು: "ಸರ್, ಗದ್ದದ ಕೆಳಗೆ ನೋಡಿ, ನಾನು ಹಚ್ಚಿದ್ದಲ್ಲ ಅದು!" ನಿಜ. ಸೂರ್ಯ ಬ್ಲಾಕಿಗೆ ಬಡಿದು ಕೆಂಪಾಗಿ ಅವಳ ಕತ್ತಿಗೆ ತಿರುಗುತ್ತಿದ್ದಾನೆ. ಇನ್ನೊಂದು ಬೆಡ್‌ಶೀಟ್ ಬಂತು, ಬದಿಯ ಕಲ್ಲು ಮುಚ್ಚಿತು.

ಈಗ ಗಾಳಿ. ಸಹಾಯಕ ಸೆರಗಿನ ತುದಿ ಹಿಡಿದು ನಿಂತಿದ್ದಾನೆ. "ಒಂದು, ಎರಡು, ಬಿಡು!" ಎಂದಾಗ ಅವನು ಸೆರಗು ಎಸೆದು ಫ್ರೇಮಿನಿಂದ ಹೊರಗೆ ಓಡಬೇಕು. ಎಸೆದ, ಓಡಿದ. ಸೆರಗು ಮೇಲೆದ್ದಿತು, ಸುರುಳಿ ಸುತ್ತಿತು, ಅವಳ ಮುಖಕ್ಕೇ ಬಿತ್ತು. ಮತ್ತೆ. ಈ ಸಲ ಚೆಂದ ಹಾರಿತು, ಆದರೆ ಹಿಂದಿನ ಕಲ್ಲಿನ ಕೆಂಪಿನಲ್ಲಿ ಕರಗಿಹೋಯಿತು. ಮತ್ತೊಂದು ಸಲ ಹಾರಿದ್ದು ಎರಡು ಬ್ಲಾಕುಗಳ ನಡುವಿನ ಕತ್ತಲ ಸಂದಿಯ ಎದುರಿಗೆ. ಹಿಂದಿನಿಂದ ಬಿಸಿಲು ತೂರಿ ರೇಷ್ಮೆ ಕೆಂಡವಾಯಿತು. ನನಗೆ ಚಪ್ಪಾಳೆ ತಟ್ಟಬೇಕೆನಿಸಿತು. ಡಿಸೈನರ್ ಪರದೆಯನ್ನು ಹಿಗ್ಗಿಸಿ ನೋಡಿದಳು.

"ಚಂದ ಅದ. ಕೊಂಡಿ ಎಲ್ಲಿ?"

ಮಡಿಕೆಯಲ್ಲಿ ಮುಚ್ಚಿಹೋಗಿದೆ.

"ತೋಪು ತೆನಿ?"

ಸೆರಗಿನ ತುದಿಯಲ್ಲಿ ಬಿಳಿ ರೇಷ್ಮೆಯ ಜೋಳದ ತೆನೆಗಳು ಸಾಲಾಗಿ ನಿಂತಿರುತ್ತವಲ್ಲ, ಅವು ಮಸುಕಾಗಿವೆ.

"ಇದು ಯಾವ ಸೀರೀನಾದ್ರೂ ಆಗಬಹುದು, ಸರ್."

ಉತ್ತರ ಕೊಡಲು ಬಾಯಿ ತೆರೆದೆ. ಅವಳು ಹೇಳಿದ್ದು ಸರಿ ಇತ್ತು. ಚಿತ್ರ ನನ್ನದಾಗಿತ್ತು, ಸೀರೆ ಅವಳದಾಗಿರಲಿಲ್ಲ.

ಬಿಸಿಲು ಏರುತ್ತಿದೆ. ಇನ್ನು ಮುಕ್ಕಾಲು ಗಂಟೆ ಕಳೆದರೆ ಕಣ್ಣ ಕೆಳಗೆ ಗುಳಿ ಬೀಳುವ ಬೆಳಕು. ನಾವಿಬ್ಬರೂ ಸೊಂಟಕ್ಕೆ ಕೈಕೊಟ್ಟು ಚರ್ಚಿಸುತ್ತಿರುವಾಗ ಮಾಡೆಲ್ ಕತ್ತು ತಿರುಗಿಸಿ ತನ್ನ ಬೆನ್ನನ್ನೇ ನೋಡಿಕೊಳ್ಳುತ್ತಿದ್ದಾಳೆ.

"ಸೆರಗು ಇರೋದೇ ಹಿಂದೆ. ನೀವು ಮುಂದಿನಿಂದ ಯಾಕೆ ಹುಡುಕ್ತೀರಾ? ನಾನು ತಿರುಗಿ ನಿಂತರೆ?"

"ಬೆನ್ನ ತುಂಬ ಕ್ಲಿಪ್ ಐತಲ್ಲವ್ವಾ!" ಎಂದಳು ಡಿಸೈನರ್.

"ಹೊದ್ಕೋತೀನಿ."

ತಲೆಯ ಮೇಲೆ ಎಂದುಕೊಂಡು ಡಿಸೈನರ್ ಬೇಡವೆಂದಳು. ಇಲ್ಲಿಯ ಹೆಂಗಸರು ಸೆರಗು ಹೊರುವುದು ಹಾಗೆಯೇ, ಆದರೆ ಅವಳ ಗಿರಾಕಿ ಆಫೀಸಿಗೆ ಉಟ್ಟುಕೊಂಡು ಹೋಗುವವಳು. ಮಾಡೆಲ್ ತಲೆಗೆ ಎಳೆಯಲಿಲ್ಲ. ಎಡ ಹೆಗಲಿನಿಂದ ಇಳಿದ ಸೆರಗನ್ನು ಬೆನ್ನಿನ ಅಡ್ಡಕ್ಕೆ ತಂದು ಬಲ ಹೆಗಲಿಗೂ ಹೊದ್ದಳು. ಕ್ಲಿಪ್‌ಗಳು ಮಾಯ. ತುದಿಯನ್ನು ಬಲಗೈಯಲ್ಲಿ ಹಿಡಿದು ಕತ್ತಲ ಸಂದಿಯ ಕಡೆಗೆ ಚಾಚಿದಳು, ಆನೆಗಳ ಚಿತ್ರವನ್ನು ಅವಳೂ ನೋಡಿದ್ದಾಳೆ. ಮುಖ ಎಡಗಡೆಗೆ, ಅರ್ಧ.

ನಾನು ಎಡಕ್ಕೆ ಓಡಿದೆ. ಬಿಸಿಲು ಬಟ್ಟೆಯನ್ನು ಬದಿಯಿಂದ ಸವರುತ್ತಿದೆ. ನೆಟ್ಟಗೆ ಎದುರಿನಿಂದ ಬರುವ ಬೆಳಕು ಬಣ್ಣ ತೋರಿಸೀತು, ಎಳೆಯ ಉಬ್ಬು ತೋರಿಸುವುದಿಲ್ಲ. ಅದಕ್ಕೆ ಬೆಳಕು ಹೀಗೆ ಓರೆಯಾಗಿ ಉಜ್ಜಿಕೊಂಡೇ ಹೋಗಬೇಕು. ಎಡ ಹೆಗಲ ಮೇಲೆ ಹಸಿರು ಮುಗಿದು ಕೆಂಪು ಶುರುವಾಗುವಲ್ಲಿ ಕೊಂಡಿಯ ಗೆರೆ ಎದ್ದು ನಿಂತಿತು. ಕೈಯ ತುದಿಯಲ್ಲಿ ಕತ್ತಲ ಎದುರು ತೆನೆಗಳ ಬಿಳುಪು ಒಂದೊಂದಾಗಿ ಎಣಿಸುವಂತಿದೆ. ಸೆರಗು ಹಾರುತ್ತಿಲ್ಲ, ಹಾರಬೇಕೆಂದು ನನಗೂ ನೆನಪಾಗಲಿಲ್ಲ.

"ಗದ್ದ ಇಳಿಸು. ಇನ್ನೂ. ಕೈ ಹಾಗೇ ಇರಲಿ."

ಕೈ ಹಾಗೇ ಇರಲಿ ಎನ್ನುವುದು ಸುಲಭ. ನೀವೂ ನಿಂತಲ್ಲೇ ತೋಳು ಚಾಚಿ, ತುದಿಯಲ್ಲಿ ಒದ್ದೆ ಟವೆಲ್ ಹಿಡಿದು ನೂರು ಎಣಿಸಿ ನೋಡಿ. ಅವಳ ತೋಳು ನಡುಗಿದರೂ ಬೆರಳು ಸಡಿಲವಾಗಿಯೇ ಇವೆ. ಪ್ರತಿ ಕ್ಲಿಕ್ಕಿಗೂ ಕಣ್ಣು ಕೂದಲೆಳೆಯಷ್ಟು ಬದಲಾಗುತ್ತಿದೆ, ನಾನು ಕೇಳದೆಯೇ.

ಮುಗಿಯಿತು. ಹೇರ್‌ಪಿನ್, ಕ್ಲಿಪ್ ಉದುರಿದವು. ಜಾಲತಾಣದ ಮಾರಾಟದ ಪುಟಕ್ಕೆ ಬೇಕಾದ ನೆಟ್ಟಗಿನ ಚಿತ್ರಗಳನ್ನು ನೆರಳಿಗೆ ಹೋಗಿ ಐದೇ ನಿಮಿಷದಲ್ಲಿ ತೆಗೆದೆವು. ಬೆನ್ನು, ಅಂಚು, ಸೆರಗಿನ ತುದಿ. ದುಡಿಮೆ ತರುವುದು ಅವೇ, ಹೇಳಿಕೊಳ್ಳುವಂಥದ್ದೇನೂ ಅವುಗಳಲ್ಲಿಲ್ಲ. ಮಾಡೆಲ್ ಟೆಂಪೋ ಮೆಟ್ಟಿಲ ಮೇಲೆ ಕೂತು, ಲಿಪ್‌ಸ್ಟಿಕ್ಕಿಗೆ ತಾಗದಂತೆ ಹಲ್ಲಿನಿಂದಷ್ಟೇ ಮಿರ್ಚಿ ಕಚ್ಚುತ್ತಿದ್ದಾಳೆ. ಅದೂ ಒಂದು ವಿದ್ಯೆ.

ಹಿರಿಯರು ಸೀರೆಯನ್ನು ಕೈಗೆ ತೆಗೆದುಕೊಂಡು, ಅಂಗೈಯಿಂದ ಸವರಿ ಎಲ್ಲಾದರೂ ಎಳೆ ಎದ್ದಿದೆಯೇ ಎಂದು ಹುಡುಕಿ, ಹಳೆಯ ಮಡಿಕೆ ತಪ್ಪಿಸಿ ಹೊಸದಾಗಿ ಮಡಚುತ್ತಾರೆ. ಡಿಸೈನರ್ ಪರದೆಯ ಮುಂದೆ ಬಾಗಿದ್ದಾಳೆ.

"ಕಾಕಾ, ಈ ಹಸಿರು ಫೋಟೋದಾಗ ಭಾರೀ ಬಂದೈತಿ. ಮುಂದಿನ ಹಾಸು ಇದರಕಿಂತ ಒಂಚೂರು ಗಾಢ ಮಾಡೋಣು?"

ಅವರು ಲ್ಯಾಪ್‌ಟಾಪಿನತ್ತ ಕಣ್ಣು ಹಾಯಿಸಿ, ಕೈಯಲ್ಲಿದ್ದ ಸೀರೆಯತ್ತ ನೋಡಿದರು.

"ಪರದೆ ಮ್ಯಾಲಿನ ಬಣ್ಣ ನೋಡಿ ಹೇಳಬ್ಯಾಡ್ರಿ. ಮನಿಗೆ ಬರ್ರಿ, ನೂಲು ನೋಡಿ ಹೇಳ್ರಿ."

ಹೇಗಿದ್ದರೂ ನಾವು ಹೊರಟಿರುವುದು ಅಲ್ಲಿಗೇ. ಮುಂದಿನದು ಚಂದ್ರಕಾಳಿ, ಕಪ್ಪು ಒಡಲಿನ ಮೇಲೆ ಕಸೂತಿ. ಅದಕ್ಕೆ ಈ ಬಿಸಿಲು ನಡೆಯುವುದಿಲ್ಲ, ಅವರ ಕುಣಿಮಗ್ಗದ ಪಕ್ಕದ ಕಿಟಕಿಯ ಬೆಳಕು ಬೇಕು. ಸ್ಟ್ಯಾಂಡಿಗೆ ಕಟ್ಟಿದ ಮರಳಿನ ಚೀಲ ಎತ್ತಲು ಹುಡುಗನಿಗೆ ಒಂದು ಕೈ ಕೊಡುತ್ತೀರಾ? ಟೆಂಪೋದಲ್ಲಿ ಡ್ರೈವರ್ ಪಕ್ಕದ ಸೀಟು ಖಾಲಿ ಇದೆ.